ಗೊಂಬೆ ಯಾವ ಭಾಷೆಯಲ್ಲಿ ಮಾತಾಡುತ್ತದೆ?

ಹೊಸ ಕೆಲಸ ಹಿಡಿದು ಪುಣೆಗೋ ಹೈದರಾಬಾದಿಗೋ ಬಂದವರ ಮನೆಯಲ್ಲಿ ಶಾಲೆ ಶುರುವಾದ ವಾರವೇ ಕೇಳಿಬರುವ ಪ್ರಶ್ನೆ: "ಸ್ಕೂಲಲ್ಲಿ ಏನಾಯ್ತು, ಹೇಳು ಪುಟ್ಟಾ." ಐದು ವರ್ಷದ ಮಗು ಬಾಯಿ ಬಿಡುವುದಿಲ್ಲ. ಹಟ ಎಂದುಕೊಳ್ಳುತ್ತೇವೆ. ಆದರೆ ಆ ಪ್ರಶ್ನೆಯೇ ಅದರ ವಯಸ್ಸಿಗೆ ಭಾರ. ಮನಸ್ಸಿನಲ್ಲಿ ನಡೆದದ್ದನ್ನು ಕಾರಣ ಸಮೇತ ವಿವರಿಸುವುದು ಅಪ್ರೈಸಲ್ ಮೀಟಿಂಗಿನಲ್ಲಿ ನಮಗೇ ಆಗುವುದಿಲ್ಲ.

2ರಿಂದ 7 ವರ್ಷದವರೆಗೆ ಮಗು ಒಂದು ವಸ್ತುವನ್ನು ಇನ್ನೊಂದಾಗಿ ಕಾಣುತ್ತದೆ ಎಂದು ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಪಿಯಾಜೆ ಗುರುತಿಸಿದ್ದರು. ದಿಂಬು ಬಸ್ಸಾಗುತ್ತದೆ, ಪೆನ್ಸಿಲ್ಲು ಇಂಜೆಕ್ಷನ್ನಾಗುತ್ತದೆ. ಪ್ಲೇ ಥೆರಪಿ ಕೆಲಸ ಮಾಡುವುದು ಇಲ್ಲೇ. 1947ರಲ್ಲಿ ಅಮೆರಿಕದ ವರ್ಜೀನಿಯಾ ಆಕ್ಸ್‌ಲೈನ್ ಇದರ ಬಗ್ಗೆ ಬರೆದ ಪುಸ್ತಕದ ತಿರುಳು ಸರಳ: ಮಗು ಮುಂದೆ, ಥೆರಪಿಸ್ಟ್ ಹಿಂದೆ. ಅವಸರಪಡಿಸುವಂತಿಲ್ಲ.

ಮೈಸೂರಿನಿಂದ ಪುಣೆಗೆ ಬಂದಾಗ ನಮ್ಮ ಮಗಳಿಗೆ ಐದು. ಮನೆಯಲ್ಲಿ ವಾಚಾಳಿ, ಶಾಲೆಯಲ್ಲಿ ಮೂರು ತಿಂಗಳು ಮೌನ. ಸಿಕ್ಕ ಥೆರಪಿಸ್ಟ್‌ಗೆ ಕನ್ನಡ ಬಾರದು. ನಮ್ಮ ಆತಂಕವೆಲ್ಲ ಅದೇ. ಮೊದಲ ಕೆಲವು ವಾರ ಮಗಳು ಗೊಂಬೆಗಳನ್ನೆಲ್ಲ ಸಾಲಾಗಿ ಕೂರಿಸಿ, ಆನೆಯನ್ನು ಮಾತ್ರ ಬಕೆಟ್ಟಿನಡಿ ಮುಚ್ಚಿಡುತ್ತಿದ್ದಳಂತೆ. ಆನೆಗೆ ಒಳಗೆ ಕತ್ತಲಲ್ಲವೇ ಎಂದು ಆಕೆ ಹಿಂದಿಯಲ್ಲಿ ಹೇಳಿ ಸುಮ್ಮನೆ ಪಕ್ಕದಲ್ಲಿ ಕೂತಿರುತ್ತಿದ್ದರು. ಆರನೆಯ ವಾರ ಆನೆ ಹೊರಬಂದು ಟೀಚರ್ ಗೊಂಬೆಯ ಎದುರು ಏನೋ ಹೇಳಿತು. ಆಕೆ ಆ ಶಬ್ದ ಬರೆದಿಟ್ಟುಕೊಂಡು ನಮ್ಮನ್ನು ಕೇಳಿದರು: "'ಒಂದಕ್ಕೆ' ಅಂದರೇನು?"

ನಕ್ಕೆವು. ಆಮೇಲೆ ಇಬ್ಬರಿಗೂ ನಗು ಬರಲಿಲ್ಲ. ಬಾತ್‌ರೂಮಿಗೆ ಹೋಗಲು ಕೇಳುವ ಮಾತು ಗೊತ್ತಿಲ್ಲದೆ ಮಗು ಸಂಜೆವರೆಗೂ ತಡೆದುಕೊಂಡಿರುತ್ತಿತ್ತು. ಟೀಚರ್ ಜತೆ ಮಾತಾಡಿ ಒಂದು ಚಿತ್ರದ ಕಾರ್ಡ್ ಮಾಡಿಸಿದೆವು. ದೀಪಾವಳಿ ರಜೆ ಕಳೆದ ಮೇಲೆ ಒಂದೊಂದೇ ಮಾತು ಶುರುವಾಯಿತು. ಅಸೆಂಬ್ಲಿಯಲ್ಲಿ ಈಗಲೂ ಹಾಡುವುದಿಲ್ಲ.

ಹೀಗಾಗಿ ಪುಟ್ಟ ಮಕ್ಕಳಿಗೆ ಕನ್ನಡ ಬಲ್ಲ ಥೆರಪಿಸ್ಟ್‌ಗಾಗಿ ಕಾಯುತ್ತ ತಿಂಗಳು ಕಳೆಯಬೇಡಿ ಎನ್ನುತ್ತೇನೆ. ಎಂಟು–ಹತ್ತರ ಮಕ್ಕಳ ಲೆಕ್ಕ ಬೇರೆ. ಅವರಿಗೆ ನಿಯಮವಿರುವ ಆಟ ಬೇಕು. ಹಾವು-ಏಣಿ, ಚೌಕಾಬಾರದಲ್ಲಿ ಸೋಲು, ಮೋಸ, ಸರದಿ ಎಲ್ಲ ಬರುತ್ತವೆ. ಕವಡೆ ಹಾಕುತ್ತ ಹಾಕುತ್ತ ಮನೆಯ ಮಾತೂ ಬರುತ್ತದೆ. ಆ ಮಾತು ತಿಳಿಯುವವರು ಎದುರಿಗಿದ್ದರೆ ಒಳ್ಳೆಯದು. ಹನ್ನೆರಡು ದಾಟಿದವರ ಮುಂದೆ ಗೊಂಬೆ ಇಟ್ಟರೆ ಅವಮಾನ. ಅವರಿಗೆ ಚಿತ್ರ, ಸಂಗೀತ, ಮಾತುಕತೆ ಸರಿ.

ಗೊಂಬೆ ಇಟ್ಟ ಕೋಣೆಯೆಲ್ಲ ಚಿಕಿತ್ಸಾಲಯವಾಗುವುದಿಲ್ಲ. ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿದ ಕ್ಲಿನಿಕಲ್ ಸೈಕಾಲಜಿಸ್ಟ್ ಹೌದೇ, ಮಕ್ಕಳೊಂದಿಗೆ ಕೆಲಸ ಮಾಡಿದ್ದಾರೆಯೇ ಎಂದು ವಿಚಾರಿಸಿ. ಎಲ್ಲಿಂದ ಶುರು ಮಾಡುವುದೆಂದು ತೋಚದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ನಿಮ್ಮ ಮಗು ಮನೆಯಲ್ಲಿ ಬಳಸುವ ಪುಟ್ಟ ಪುಟ್ಟ ಮಾತುಗಳ ಪಟ್ಟಿಯೊಂದನ್ನು ಮೊದಲ ದಿನವೇ ಥೆರಪಿಸ್ಟ್ ಕೈಗೆ ಕೊಡಿ. ಟೀಚರ್‌ಗೂ ಒಂದು ಪ್ರತಿ.