ರಜೆಯಲ್ಲಿ ಒಲೆ ಹಚ್ಚಿದವರು ಲ್ಯಾಬಿನ ಬೀಗ ತೆಗೆಸಬಾರದೆ?

ಏಪ್ರಿಲ್ ಹತ್ತನೇ ತಾರೀಖು ಪಾಸು-ಫೇಲು ಹೇಳಿ ಮುಗಿಯಿತೆಂದರೆ ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಸರ್ಕಾರಿ ಶಾಲೆಗಳಿಗೆ ಬೀಳುವ ಬೀಗ ತೆಗೆಯುವುದು ಮೇ ತಿಂಗಳ ಕೊನೆಗೇ. ಹೆಚ್ಚೂ ಕಡಿಮೆ ಐವತ್ತು ದಿನ. ಅದೇ ಹೊತ್ತಿಗೆ ಮೈಸೂರು, ಬೆಂಗಳೂರಿನಲ್ಲಿ ಬಣ್ಣಬಣ್ಣದ ಜಾಹೀರಾತುಗಳ ಸುಗ್ಗಿ. 'ಸ್ಟೆಮ್ ಸಮ್ಮರ್ ಕ್ಯಾಂಪ್'! ಸೈನ್ಸು, ಟೆಕ್ನಾಲಜಿ, ಎಂಜಿನಿಯರಿಂಗು, ಮ್ಯಾಥ್ಸು ನಾಲ್ಕನ್ನೂ ಸೇರಿಸಿ ಇಟ್ಟ ಹೆಸರಂತೆ. ಮಗು ರೋಬೋ ಮಾಡುತ್ತದೆ, ರಾಕೆಟ್ ಹಾರಿಸುತ್ತದೆ, ಕಂಪ್ಯೂಟರಿಗೆ ಕೋಡ್ ಬರೆಯುತ್ತದೆ. ಫೀಸು ಸಾವಿರಗಳಲ್ಲಿ. ಕಟ್ಟುವವರು ಕಟ್ಟಲಿ, ನಮಗೇನೂ ಹೊಟ್ಟೆಯುರಿಯಿಲ್ಲ.

ಆದರೆ ನಮ್ಮ ಮಕ್ಕಳ ರಜೆ ಹೇಗೆ ಕಳೆಯುತ್ತದೆ ಎಂಬುದನ್ನೂ ಸ್ವಲ್ಪ ನೋಡಬೇಕಲ್ಲ. "ಪರೀಕ್ಸೆ ಮುಗೀತಲ್ಲ, ಇನ್ಯಾತುಕ್ ಇಸ್ಕೂಲು? ಹೋಗಿ ಆಡು ಮೇಯ್ಸ್ಕ ಬಾ ಹೋಗು" ಎನ್ನುವ ಮನೆಗಳೇ ಹೆಚ್ಚು. ಹುಣಸೆಹಣ್ಣು ಬಡಿಯುವುದು, ಹುಳಕ್ಕೆ ಸೊಪ್ಪು ಹಾಕುವುದು, ಬಿಂದಿಗೆ ಹಿಡಿದು ನಲ್ಲಿಯ ಮುಂದೆ ಸಾಲು ನಿಲ್ಲುವುದು. ಹನೂರು ಕಡೆಯ ಎಷ್ಟೋ ಮಕ್ಕಳು ಕೂಲಿಗೆ ಹೊರಟ ಅಪ್ಪ-ಅವ್ವನ ಜೊತೆ ಕೊಡಗಿನ ತೋಟಕ್ಕೋ ತಮಿಳುನಾಡಿಗೋ ಗಂಟು ಕಟ್ಟುತ್ತಾರೆ. ಹಾಗೆ ಹೋದವರಲ್ಲಿ ಕೆಲವರು ಜೂನ್ ತಿಂಗಳಲ್ಲಿ ವಾಪಸು ಬರುವುದೇ ಇಲ್ಲ. ಮದುವೆ ಕಾಲವೂ ಅದೇ ಆದ್ದರಿಂದ ಎಂಟನೇ, ಒಂಬತ್ತನೇ ಕ್ಲಾಸಿನ ಹೆಣ್ಣುಮಕ್ಕಳ ಹೆಸರು ಹಾಜರಿ ಪುಸ್ತಕದಿಂದ ಜಾರುವುದೂ ಈ ಐವತ್ತು ದಿನಗಳಲ್ಲೇ. ಮೇಷ್ಟ್ರುಗಳಿಗೆ ಇದು ಗೊತ್ತಿಲ್ಲದ ಸಂಗತಿಯೇನಲ್ಲ.

ಶಾಲೆಯ ಬಾಗಿಲನ್ನು ರಜೆಯಲ್ಲಿ ತೆಗೆಯಲು ಬರುವುದೇ ಇಲ್ಲವೆ? ಬರುತ್ತದೆ. 2023ರ ಮಳೆ ಕೈಕೊಟ್ಟು ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಸಾರಿದ ಮೇಲೆ, 2024ರ ಬೇಸಿಗೆ ರಜೆಯಲ್ಲೂ ಬರದ ತಾಲ್ಲೂಕುಗಳ ಶಾಲೆಗಳಲ್ಲಿ ಬಿಸಿಯೂಟ ಹಾಕಲು ಸರ್ಕಾರ ಆರ್ಡರು ಮಾಡಿತು. ಅಂದರೆ ಅಕ್ಕಿ, ಬೇಳೆ, ಅಡುಗೆಯವರು, ಉಸ್ತುವಾರಿಗೆ ಒಬ್ಬ ಮೇಷ್ಟ್ರು, ಇಷ್ಟನ್ನೂ ಮೇ ತಿಂಗಳ ಬಿಸಿಲಿನಲ್ಲಿ ಹೊಂದಿಸಲು ಸಾಧ್ಯ ಎಂದು ಸರ್ಕಾರವೇ ತೋರಿಸಿದೆ. ಉಣ್ಣಲು ಬಂದ ಮಗುವನ್ನು ತಟ್ಟೆ ತೊಳೆಸಿ ಮನೆಗೆ ಕಳಿಸುವ ಬದಲು, ಅದಕ್ಕೆ ಮೊದಲು ಮೂರು ಗಂಟೆ ಕೂರಿಸಿಕೊಂಡು ಕೈಗೆ ಏನಾದರೂ ಕೊಟ್ಟರೆ ಶಿಬಿರವಾಗುತ್ತದೆ. ಈ ಅಂಕಣದ ತಗಾದೆ ಇಷ್ಟೇ.

'ಏನಾದರೂ' ಎಂದರೆ ಏನು? ಇಲ್ಲೇ ನಮ್ಮವರು ಎಡವುವುದು. ವಿಜ್ಞಾನ ಎಂದ ಕೂಡಲೆ ಗಾಜಿನ ನಳಿಕೆ, ಬಿಳಿ ಕೋಟು, ಲಕ್ಷಗಟ್ಟಲೆ ಅನುದಾನ ಕಣ್ಣ ಮುಂದೆ ಬರುತ್ತದೆ. ಕೇಂದ್ರದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆ 2016ರಲ್ಲಿ ಶುರುವಾದಾಗ ಒಂದೊಂದು ಶಾಲೆಗೆ 20 ಲಕ್ಷ ರೂಪಾಯಿ ಎಂದು ಗೊತ್ತುಮಾಡಿದರು. ಸಿಕ್ಕ ಶಾಲೆಗಳಿಗೆ ಒಳ್ಳೆಯದಾಗಲಿ. ಸಿಗದ ಶಾಲೆಗಳೇ ಬಹಳ. ಈ ಅಂಕಣಕಾರ ಓದಿದ ಹೈಸ್ಕೂಲಿನಲ್ಲೂ ಒಂದು ಮೈಕ್ರೋಸ್ಕೋಪ್ ಇತ್ತು. ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಬೀರುವಿನಿಂದ ಇಳಿದು ಕುಂಕುಮ ಹಚ್ಚಿಸಿಕೊಂಡು ಮತ್ತೆ ಬೀರು ಸೇರುತ್ತಿತ್ತು. ಅದರ ಕಣ್ಣಿಗೆ ನಾವು ಮೂರು ವರ್ಷದಲ್ಲಿ ಒಂದು ದಿನವೂ ಕಣ್ಣಿಡಲಿಲ್ಲ.

ಮನೆಯೇ ಪ್ರಯೋಗಶಾಲೆ

ಕೊಳ್ಳೇಗಾಲದಿಂದಲೇ ಹಿಡಿಯೋಣ. 1956ರವರೆಗೆ ಇದು ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಊರು. ಆ ಇಡೀ ಮದ್ರಾಸ್ ಪ್ರಾಂತ್ಯದಲ್ಲಿ ಹಿಪ್ಪುನೇರಳೆ ರೇಷ್ಮೆಗೆ ಹೆಸರಾಗಿದ್ದ ಸೀಮೆ ಎಂದರೆ ಇದೇ. ಇಲ್ಲಿಯ ಹುಳದ ಮನೆಯಲ್ಲಿ ಬೆಳೆದ ಹುಡುಗನಿಗೆ ಒಂದನೇ ಜ್ವರ, ಎರಡನೇ ಜ್ವರ, ಹುಳ ಹಣ್ಣಾಗುವುದು, ಚಂದ್ರಿಕೆಗೆ ಬಿಡುವುದು ಎಲ್ಲ ನೀರು ಕುಡಿದಷ್ಟು ಸಲೀಸು. ಆದರೆ ಒಂದು ಹುಳ ಮೊಟ್ಟೆಯೊಡೆದ ದಿನದಿಂದ ಹಣ್ಣಾಗುವ ಹೊತ್ತಿಗೆ ತೂಕದಲ್ಲಿ ಸುಮಾರು ಹತ್ತು ಸಾವಿರ ಪಟ್ಟು ಬೆಳೆಯುತ್ತದೆ ಎಂಬುದನ್ನು ಅವನು ತೂಗಿ ನೋಡಿದ್ದಾನೆಯೆ? ಅಕ್ಕಸಾಲಿಗರ ಅಂಗಡಿಯ ತಕ್ಕಡಿ ಒಂದು ಗಂಟೆ ಸಿಕ್ಕರೆ ಸಾಕು. ನೂರು ಮರಿಹುಳ ಒಟ್ಟಿಗೆ ತೂಗಿ ನೂರರಿಂದ ಭಾಗಿಸುವುದು, ಕೊನೆಗೆ ಹಣ್ಣುಹುಳ ಒಂದನ್ನು ತೂಗುವುದು. ಸರಾಸರಿ, ಅನುಪಾತ, ಗ್ರಾಫು ಎಲ್ಲ ಅದರಲ್ಲೇ ಬಂತು.

ನಾಲ್ಕನೇ ಜ್ವರ ಕಳೆದ ಮೇಲಿನ ಹಂತ ಸುಮಾರು ಏಳು ದಿನ. ಇಡೀ ಬೆಳೆಗೆ ಬೇಕಾಗುವ ಸೊಪ್ಪಿನಲ್ಲಿ ಮುಕ್ಕಾಲಿಗೂ ಹೆಚ್ಚನ್ನು ಹುಳ ಆಗಲೇ ತಿನ್ನುತ್ತದೆ. ಆಮೇಲೆ ಮೂರು ದಿನದಲ್ಲಿ ಗೂಡು. ಒಟ್ಟು ಹತ್ತು ದಿನ, ಒಂದು ಶಿಬಿರಕ್ಕೆ ಅಳತೆ ಮಾಡಿ ಹೊಲಿದಂತಿದೆ. ಬೇಸಿಗೆಯಲ್ಲಿ ರೈತರು ಹುಳದ ಮನೆಗೆ ಒದ್ದೆ ಗೋಣಿತಟ್ಟು ಇಳಿಬಿಡುತ್ತಾರಲ್ಲ, ಅದು ಎಷ್ಟು ತಂಪು ಮಾಡುತ್ತದೆ? ಎರಡು ಥರ್ಮಾಮೀಟರು ತಂದು ಒಂದರ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಂಟೆಗೊಮ್ಮೆ ಬರೆದಿಟ್ಟರೆ ಗಾಳಿಯ ತೇವ ಅಳೆಯುವ ಯಂತ್ರ ಆಯಿತು. ಇದು ಬರೀ ಪಾಠವಲ್ಲ. ಹುಳದ ಮನೆಯ ಬಿಸಿ ಎರಡು ಡಿಗ್ರಿ ಇಳಿದರೆ ಅಪ್ಪನ ಗೂಡಿನ ರೇಟು ಏರುತ್ತದೆ. 1980ರಲ್ಲಿ ಬಂಗಾಳದ ಕಡೆಯಿಂದ ರಾಜ್ಯಕ್ಕೆ ಬಂದು ಹೊಕ್ಕ ಊಜಿ ನೊಣ ಇನ್ನೂ ಬಿಟ್ಟು ಹೋಗಿಲ್ಲ. ಅದರ ಮೊಟ್ಟೆ ಹುಳದ ಮೈಮೇಲೆ ಹೇಗೆ ಅಂಟಿರುತ್ತದೆ ಎಂದು ಭೂತಗನ್ನಡಿಯಲ್ಲಿ ನೋಡಿದ ಹುಡುಗಿ ಕಿಟಕಿಯ ಪರದೆಯ ತೂತನ್ನು ತಾನೇ ಹೊಲಿಯುತ್ತಾಳೆ.

ಇನ್ನು ಮಗ್ಗ. ಕಂಪ್ಯೂಟರ್ ಕೋಡಿಂಗ್ ಎಂದು ಪಟ್ಟಣದಲ್ಲಿ ದುಡ್ಡು ತೆಗೆದುಕೊಂಡು ಹೇಳಿಕೊಡುವ ವಿದ್ಯೆಯ ಅಜ್ಜ ನಮ್ಮ ನೇಕಾರರ ಬೀದಿಯಲ್ಲಿ ಮಗ್ಗದ ತಲೆಯ ಮೇಲೆ ಕೂತಿದ್ದಾನೆ. ಅವನ ಹೆಸರು ಜಕಾರ್ಡು. ತೂತು ಹೊಡೆದ ರಟ್ಟುಗಳ ಸರ. ತೂತಿದ್ದ ಕಡೆ ಎಳೆ ಮೇಲೇಳುತ್ತದೆ, ಇಲ್ಲದ ಕಡೆ ಏಳುವುದಿಲ್ಲ. ಸೀರೆಯ ಸೆರಗಿನ ಮಾವಿನಕಾಯಿ ಬುಟ್ಟಾ ಹುಟ್ಟುವುದು ಈ 'ಹೌದು-ಇಲ್ಲ' ಲೆಕ್ಕದಿಂದಲೇ. ಫ್ರಾನ್ಸಿನ ಲಿಯೋನ್ ಊರಿನ ಜಕಾರ್ಡ್ 1804ರಲ್ಲಿ ಮಾಡಿದ ಈ ಉಪಾಯವನ್ನು ಇಂಗ್ಲೆಂಡಿನ ಬ್ಯಾಬೇಜ್ ಲೆಕ್ಕದ ಯಂತ್ರಕ್ಕೆ ಬಳಸಲು ಹೊರಟ. ಅಮೆರಿಕದ ಹಾಲರಿತ್ 1890ರ ಜನಗಣತಿಯನ್ನು ತೂತಿನ ರಟ್ಟುಗಳಲ್ಲೇ ಎಣಿಸಿ ಮುಗಿಸಿದ. ಇಂದಿನ ಕಂಪ್ಯೂಟರಿನ ಸೊನ್ನೆ-ಒಂದರ ಲೆಕ್ಕವೂ ಇದೇ ದಾರಿಯದು. ಮಕ್ಕಳಿಗೆ ಚೌಕಳಿ ಹಾಳೆ ಕೊಟ್ಟು ಬುಟ್ಟಾ ಬರೆಸಿ, ಸಾಲು ಸಾಲಾಗಿ ಸೊನ್ನೆ-ಒಂದು ಮಾಡಿಸಿ, ಆಮೇಲೆ ಮಗ್ಗದ ಮುಂದೆ ನಿಲ್ಲಿಸಬೇಕು. ಹೇಳಿಕೊಡಲು ನೇಕಾರರಿಗಿಂತ ಮೇಲಾದ ಮೇಷ್ಟ್ರು ಬೇಕೆ? ಅವರ ಒಂದು ದಿನದ ಕೂಲಿ ಮುರಿಯುತ್ತದೆ, ಅದನ್ನು ಮಾತ್ರ ಮರೆಯದೆ ಕೊಡಬೇಕು. "ಬಂದು ನಾಲ್ಕು ಮಾತು ಹೇಳಿ ಸ್ವಾಮಿ" ಎಂದು ಪುಕ್ಕಟೆ ಕರೆಯುವ ಚಾಳಿ ನಮ್ಮ ಇಲಾಖೆಗಳಿಗೆ ಮೊದಲಿನಿಂದ ಇದೆ.

ನೆರಳಿಲ್ಲದ ಮಧ್ಯಾಹ್ನ

ಬೇಸಿಗೆ ರಜೆಗೇ ಹೇಳಿ ಮಾಡಿಸಿದ ಒಂದು ದಿನ ಈ ಮೂರೂ ತಾಲ್ಲೂಕಿಗೆ ಇದೆ. ಏಪ್ರಿಲ್ 21-22ರ ಸುಮಾರಿಗೆ, ಮಧ್ಯಾಹ್ನ 12 ಗಂಟೆ 20 ನಿಮಿಷದ ಹೊತ್ತಿಗೆ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ದಿಲ್ಲಿಯವರು ಎಷ್ಟು ದುಡ್ಡು ಸುರಿದರೂ ಇದನ್ನು ತಮ್ಮ ಅಂಗಳದಲ್ಲಿ ನೋಡಲಾರರು, ಸೂರ್ಯ ಅಷ್ಟು ಉತ್ತರಕ್ಕೆ ಹೋಗುವುದೇ ಇಲ್ಲ. ಅದೇ ದಿನ ಬಳ್ಳಾರಿಯಲ್ಲಿ ಪರಿಚಯದ ಒಂದು ಶಾಲೆಗೆ ಫೋನು ಹಚ್ಚಿ. ಅಲ್ಲಿ ಒಂದು ಮೀಟರ್ ಕೋಲಿಗೆ ಸುಮಾರು ಐದು ಸೆಂಟಿಮೀಟರು ನೆರಳು ಬಿದ್ದಿರುತ್ತದೆ. ಕೋನ ಲೆಕ್ಕ ಹಾಕಿದರೆ ಮೂರು ಡಿಗ್ರಿ. ಬಳ್ಳಾರಿ ಕೊಳ್ಳೇಗಾಲಕ್ಕೆ ಹೆಚ್ಚೂ ಕಡಿಮೆ ನೇರ ಉತ್ತರ, ಹಕ್ಕಿ ಹಾರುವ ದಾರಿಯಲ್ಲಿ 330 ಕಿಲೋಮೀಟರು ಚಿಲ್ಲರೆ. ಮೂರು ಡಿಗ್ರಿಗೆ 330 ಆದರೆ 360 ಡಿಗ್ರಿಗೆ? ಸುಮಾರು ನಲವತ್ತು ಸಾವಿರ ಕಿಲೋಮೀಟರು. ಭೂಮಿಯ ಸುತ್ತಳತೆ! ಎರಡು ಸಾವಿರದ ಇನ್ನೂರು ವರ್ಷದ ಹಿಂದೆ ಈಜಿಪ್ಟಿನಲ್ಲಿ ಎರಟಾಸ್ತನೀಸ್ ಮಾಡಿದ ಲೆಕ್ಕವನ್ನು ಸತ್ತೇಗಾಲದ ಹುಡುಗ ಎರಡು ಕೋಲು, ಒಂದು ಫೋನಿನಲ್ಲಿ ಮಾಡಬಹುದು. ಖರ್ಚು ಎಷ್ಟು, ಓದುಗರೇ ಹೇಳಲಿ.

ಶಿವನಸಮುದ್ರದ ವಿಚಾರ ಹೇಳದಿದ್ದರೆ ತಪ್ಪಾಗುತ್ತದೆ. 1902ರಲ್ಲಿ ಅಲ್ಲಿಂದ ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು. ಆ ಕಾಲಕ್ಕೆ ಜಗತ್ತಿನಲ್ಲೇ ಉದ್ದದ ಲೈನುಗಳಲ್ಲಿ ಅದೂ ಒಂದು. ನಮ್ಮ ಮಕ್ಕಳು ಅಲ್ಲಿಗೆ ಟೂರು ಹೋಗುತ್ತಾರೆ, ಭರಚುಕ್ಕಿ ನೋಡುತ್ತಾರೆ, ಚಿತ್ರಾನ್ನ ತಿಂದು ಬರುತ್ತಾರೆ. ಕೆಟ್ಟ ಆಟಿಕೆ ಕಾರಿನೊಳಗಿನ ಮೋಟಾರು ಬಿಚ್ಚಿ, ಅದರ ಕಡ್ಡಿಗೆ ದಾರ ಸುತ್ತಿ ರಭಸವಾಗಿ ಎಳೆದರೆ ಒಂದೆರಡು ರೂಪಾಯಿಯ ಎಲ್‌ಇಡಿ ಮಿಣುಕ್ ಎನ್ನುತ್ತದೆ. ಮೊದಲು ಅದನ್ನು ಮಾಡಿಸಿ ಆಮೇಲೆ ಜಲಪಾತಕ್ಕೆ ಕರೆದೊಯ್ದರೆ ನೀರು ಬೀಳುವುದರಲ್ಲಿ ಏನಿದೆ ಎಂದು ಮಗುವಿಗೆ ಹೊಳೆಯುತ್ತದೆ.

ಹನೂರಿಗೆ ಬೇರೆಯದೇ ಪಾಠ ಬೇಕು. 2018ರ ಡಿಸೆಂಬರ್ 14ರಂದು ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮನ ಗುಡಿಯ ಪ್ರಸಾದಕ್ಕೆ ಬೆರೆಸಿದ ಕೀಟನಾಶಕಕ್ಕೆ 17 ಜನ ಜೀವ ಬಿಟ್ಟರು. ಅದು ಬೇಕೆಂದೇ ಮಾಡಿದ ಪಾತಕ, ಶಿಬಿರದಿಂದ ತಡೆಯಬಹುದಿತ್ತು ಎಂದು ಹೇಳುವ ಮೂರ್ಖತನ ನಮಗಿಲ್ಲ. ಆದರೆ ಅದೇ ಜಾತಿಯ ಬಾಟಲಿ ಇವತ್ತೂ ಎಷ್ಟು ಮನೆಯ ಅಟ್ಟದ ಮೇಲೆ, ಎಣ್ಣೆ ಬಾಟಲಿಯ ಪಕ್ಕದಲ್ಲಿ ಇಲ್ಲ? ಬಾಟಲಿಯ ಚೀಟಿಯ ಮೇಲಿನ ತ್ರಿಕೋನ ಕೆಂಪಾದರೆ ಕಡುವಿಷ, ಆಮೇಲೆ ಹಳದಿ, ನೀಲಿ, ಹಸಿರು, ಕ್ರಮವಾಗಿ ಕಡಿಮೆ. ಹಸಿರು ಎಂದರೆ ಕುಡಿಯಬಹುದು ಅಂತಲ್ಲ. ಈ ನಾಲ್ಕು ಬಣ್ಣ ಓದಲು ಬರುವ ಏಳನೇ ಕ್ಲಾಸಿನ ಮಗು ಮನೆಯಲ್ಲಿದ್ದರೆ ಓದು ಬಾರದ ಅಜ್ಜಿಗೂ ರಕ್ಷಣೆ. ಬಾಟಲಿ ಮುಟ್ಟಿಸಬೇಡಿ, ಫೋಟೋ ಸಾಕು. ರಸಾಯನಶಾಸ್ತ್ರ ಕೈಯಾರೆ ಮಾಡಬೇಕೆಂದರೆ ಓಕುಳಿ ಇದೆಯಲ್ಲ, ಅರಿಸಿನದ ನೀರಿಗೆ ಸುಣ್ಣ ಬಿದ್ದರೆ ಯಾಕೆ ಕೆಂಪಾಗುತ್ತದೆ, ಹುಣಸೆಹುಳಿ ಹಿಂಡಿದರೆ ಯಾಕೆ ಮತ್ತೆ ಹಳದಿಯಾಗುತ್ತದೆ?

ಯಳಂದೂರಿನವರಿಗೆ ಬಿಳಿಗಿರಿರಂಗನ ಬೆಟ್ಟವೇ ಸಾಕು. ಡಾ. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಶಾಲೆಯಲ್ಲಿ ಸೋಲಿಗರ ಮಕ್ಕಳು ಓದಿ ಮುಂದೆ ಬಂದಿದ್ದಾರೆ. ಹೆಜ್ಜೇನು, ತುಡುವೆ, ಕೋಲುಜೇನು, ನಸರೆ ಎಂದು ಗುರುತು ಹಿಡಿಯುವ ಸೋಲಿಗ ಹಿರಿಯರ ಮುಂದೆ ಜೀವಶಾಸ್ತ್ರದ ಪುಸ್ತಕ ಸಣ್ಣದು. ಹಿಂದೆ ಅವರು ಹಾಕುತ್ತಿದ್ದ 'ತರಗು ಬೆಂಕಿ' ನಿಂತ ಮೇಲೆ ಕಾಡಿನಲ್ಲಿ ಲಂಟಾನ ಹಬ್ಬಿತು ಎಂಬ ಅವರ ಮಾತನ್ನು ಈಗ ಸಂಶೋಧಕರೂ ಕಿವಿಗೊಟ್ಟು ಕೇಳುತ್ತಿದ್ದಾರೆ. ಬಯಲಿನ ಮಕ್ಕಳು ಬೆಟ್ಟಕ್ಕೆ ಹೋಗಿ ಎರಡು ದಿನ ಅವರ ಶಿಷ್ಯರಾಗಲಿ.

ಇದೆಲ್ಲ ಕನಸು ಎನ್ನುವವರಿಗೆ ಹಳೆಯ ಲೆಕ್ಕ ಒಪ್ಪಿಸುತ್ತೇವೆ. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಹಳ್ಳಿ ಶಾಲೆಗಳಲ್ಲಿ 1972ರಲ್ಲಿ ಮಾಡಿ ಕಲಿಯುವ ವಿಜ್ಞಾನ ಶುರುವಾಯಿತು. ಬೆಂಕಿಕಡ್ಡಿ, ಕಾಳು, ಸೈಕಲ್ ಟ್ಯೂಬಿನ ತುಂಡು ಇವೇ ಸಾಮಾನು. ಮೂವತ್ತು ವರ್ಷ ನಡೆದು, ನೂರಾರು ಶಾಲೆಗಳಿಗೆ ಹಬ್ಬಿ, 2002ರಲ್ಲಿ ಸರ್ಕಾರದ ಆಜ್ಞೆಯಿಂದ ನಿಂತಿತು. ನಮ್ಮಲ್ಲೇ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು 1980ರಿಂದ ಇದೆ. 2023ರ ಆರಂಭದಲ್ಲಿ ರಾಜ್ಯದ ತುಂಬ ಕ್ಲಸ್ಟರ್ ಮಟ್ಟದಲ್ಲಿ ನಡೆದ ಕಲಿಕಾ ಹಬ್ಬದಲ್ಲಿ 'ಮಾಡು-ಆಡು', 'ಕಾಗದ-ಕತ್ತರಿ', 'ಊರು ತಿಳಿಯೋಣ' ಎಂದು ಮಕ್ಕಳು ಕುಣಿದಾಡಿದರು. ಎರಡೇ ದಿನ! ಹಬ್ಬ ಎಂದ ಮೇಲೆ ಎರಡು ದಿನಕ್ಕೇ ಮುಗಿಯಬೇಕು ತಾನೆ? ಗ್ರಾಮ ಪಂಚಾಯ್ತಿಗಳ ಅರಿವು ಕೇಂದ್ರದಲ್ಲೂ ಈಚೆಗೆ ಬೇಸಿಗೆ ಶಿಬಿರ ನಡೆದದ್ದುಂಟು. ಅವು ಬಹುಪಾಲು ಚಿಕ್ಕವರಿಗೆ. ಶಾಲೆಯಿಂದ ಜಾರುವ ವಯಸ್ಸಿನ ದೊಡ್ಡ ಮಕ್ಕಳು ಹೊರಗೇ ಉಳಿದರು.

ಮೇಷ್ಟ್ರುಗಳ ಕಡೆಯಿಂದಲೂ ಒಂದು ಮಾತು ಆಡಬೇಕು. ಗಣತಿ, ಚುನಾವಣೆ, ಸರ್ವೆ ಎಂದು ರಜೆಯಲ್ಲೂ ಅವರನ್ನು ದುಡಿಸುವುದುಂಟು. ಅದರ ಮೇಲೆ ಶಿಬಿರ ಎಂದರೆ ಯಾರು ತಾನೇ ಮುಖ ಅರಳಿಸುತ್ತಾರೆ? ರಜೆಯಲ್ಲಿ ದುಡಿದವರಿಗೆ ಗಳಿಕೆ ರಜೆ ಕೊಡಲು ಸೇವಾ ನಿಯಮದಲ್ಲೇ ದಾರಿಯಿದೆ. ಆರ್ಡರಿನಲ್ಲಿ ಆ ಒಂದು ಸಾಲು ಮೊದಲೇ ಸೇರಿಸಿದರೆ ಅರ್ಧ ಗೊಣಗಾಟ ನಿಲ್ಲುತ್ತದೆ. ಜೊತೆಗೆ ಕೊಳ್ಳೇಗಾಲದ ಶ್ರೀ ಮಹದೇಶ್ವರ ಸರ್ಕಾರಿ ಕಾಲೇಜಿನ ವಿದ್ಯಾರ್ಥಿಗಳನ್ನು ಕೈಜೋಡಿಸಲು ಕರೆಯಬಹುದು. ಬೆಳಿಗ್ಗೆ ಎಂಟೂವರೆಗೆ ಶುರು, ಊಟ ಮುಗಿಸಿ ಒಂದು ಗಂಟೆಗೆ ಮನೆ. ಮಹದೇಶ್ವರ ಬೆಟ್ಟದ ಕಾಡಂಚಿನ ಹಳ್ಳಿಗಳಲ್ಲಂತೂ ಸಂಜೆಯವರೆಗೆ ಮಕ್ಕಳನ್ನು ಇಟ್ಟುಕೊಳ್ಳುವುದು ಬೇಡವೇ ಬೇಡ. ಆನೆಗಳಿಗೆ ಶಿಬಿರದ ಟೈಂಟೇಬಲ್ ಗೊತ್ತಿರುವುದಿಲ್ಲ.

ಮೂರು ತಾಲ್ಲೂಕಿನ ಶಿಕ್ಷಣಾಧಿಕಾರಿಗಳು ತಾಲ್ಲೂಕಿಗೆ ಎರಡರಂತೆ ಆರು ಶಾಲೆ ಆರಿಸಿ ಒಂದು ಬೇಸಿಗೆ ನೋಡಲಿ. ಬರ ಇಲ್ಲದ ವರ್ಷ ಊಟಕ್ಕೆ ಏನು ದಾರಿ ಎಂದು ಜಿಲ್ಲಾ ಪಂಚಾಯ್ತಿಯವರು ಮಾರ್ಚಿಗೆ ಮೊದಲೇ ತೀರ್ಮಾನಿಸಬೇಕು, ಏಪ್ರಿಲ್‌ನಲ್ಲಿ ಫೈಲು ಹುಡುಕುತ್ತ ಕೂತರೆ ಜೂನ್ ಬಂದಿರುತ್ತದೆ. ಮತ್ತೆ, ಏಪ್ರಿಲ್ 21ರ ಮಧ್ಯಾಹ್ನಕ್ಕೆ ಲ್ಯಾಬಿನ ಬೀಗದ ಕೈ ಯಾರ ಹತ್ತಿರ ಇರುತ್ತದೆ ಎಂಬುದನ್ನು ಹೆಡ್‌ಮಾಸ್ಟರು ಈಗಲೇ ಬರೆದಿಡಲಿ.