ಸಡಿಲ ಅಂಟಿನ ಸೆರಾಮಿಕ್

ಮಾಲೂರಿನ ಹೆಂಚು ಮನೆಯ ಮೇಲೆ ಕೂತು ಹತ್ತಾರು ವರ್ಷ ಬಿಸಿಲು ಮಳೆ ತಡೆಯುತ್ತದೆ. ಕೈಜಾರಿ ಬಿದ್ದರೆ ಒಂದೇ ಏಟಿಗೆ ಚೂರು. ಸೆರಾಮಿಕ್ ಜಾತಿಗೆಲ್ಲ ಇದೇ ಗುಣ. ಲೋಹದಲ್ಲಿ ಬಿರುಕು ಹುಟ್ಟಿದರೆ ಅದರ ತುದಿಯ ಲೋಹ ಬಗ್ಗಿ, ಹಿಗ್ಗಿ ಪೆಟ್ಟನ್ನು ನುಂಗಿಕೊಳ್ಳುತ್ತದೆ. ಸೆರಾಮಿಕ್‌ಗೆ ಬಗ್ಗುವ ಶಕ್ತಿಯಿಲ್ಲ. ಕಣ್ಣಿಗೆ ಕಾಣದ ಬಿರುಕೂ ತಡೆಯಿಲ್ಲದೆ ಆಚೆ ಬದಿಗೆ ಓಡುತ್ತದೆ.

ಹೀಗಿದ್ದೂ ಯಲ್ದೂರಿನ ಮಾವಿನ ತೋಪುಗಳ ಮೇಲೆ ಹಾದುಹೋಗುವ ವಿಮಾನಗಳಲ್ಲಿ ಕೆಲವುಗಳ ಎಂಜಿನ್ನಿನೊಳಗೆ, ಅದೂ ಅತಿ ಬಿಸಿಯಾದ ಜಾಗದಲ್ಲಿ, ಸೆರಾಮಿಕ್ ಕೆಲಸ ಮಾಡುತ್ತಿದೆ. 2016ರಲ್ಲಿ ಪ್ರಯಾಣಿಕ ಸೇವೆಗೆ ಬಂದ ಲೀಪ್ ಎಂಜಿನ್ನಿನಲ್ಲಿ ಟರ್ಬೈನಿನ ಮೊದಲ ಸಾಲಿನ ಅಲಗುಗಳನ್ನು ಸುತ್ತುವರಿದ ಬಳೆ ಸಿಲಿಕಾನ್ ಕಾರ್ಬೈಡಿನದು. ಅದರೊಳಗೆ ಹಾಸಿರುವ ಎಳೆಗಳೂ ಸಿಲಿಕಾನ್ ಕಾರ್ಬೈಡಿನವೇ. ಇಂಥ ಎಳೆ ತೆಗೆಯುವ ದಾರಿಯನ್ನು 1975ರಲ್ಲಿ ಜಪಾನಿನ ಸೇಯ್ಶಿ ಯಾಜಿಮಾ ತೋರಿಸಿದ್ದರು. ಎಳೆ ಹಾಸಿದ ಈ ಸೆರಾಮಿಕ್‌ಗೆ ನಿಕಲ್ ಮಿಶ್ರಲೋಹದ ಸುಮಾರು ಮೂರನೇ ಒಂದು ಪಾಲು ತೂಕ. ಸುಮಾರು 1,300 ಡಿಗ್ರಿ ಸೆಲ್ಸಿಯಸ್ ಬಿಸಿಗೂ ಜಗ್ಗುವುದಿಲ್ಲ.

ಒಡೆಯುವ ವಸ್ತುವಿನೊಳಗೆ ಒಡೆಯುವ ಎಳೆಯನ್ನೇ ಸೇರಿಸಿದರೆ ತಾಳಿಕೆ ಬರುವುದು ಹೇಗೆ? ನನಗೆ ಅತ್ಯಂತ ಇಷ್ಟವಾದ ಭಾಗ ಇದು. ಪ್ರತಿ ಎಳೆಗೂ ಬೋರಾನ್ ನೈಟ್ರೈಡಿನ ತೆಳ್ಳನೆಯ ಲೇಪ ಇರುತ್ತದೆ, ಬೇಕೆಂದೇ ದುರ್ಬಲವಾಗಿ. ಬಿರುಕು ಹತ್ತಿರ ಬಂದಾಗ ಲೇಪ ಬಿಟ್ಟುಕೊಳ್ಳುತ್ತದೆ; ಬಿರುಕು ಎಳೆಯನ್ನು ಕತ್ತರಿಸದೆ ಅದರ ಉದ್ದಕ್ಕೆ ತಿರುಗುತ್ತದೆ. ಸುತ್ತಲಿನ ಸೆರಾಮಿಕ್ ಬಿರಿದರೂ ಎಳೆಗಳು ಬಿರುಕಿನ ಎರಡೂ ದಡಗಳನ್ನು ಹಿಡಿದಿರುತ್ತವೆ. ಹೊರೆ ಏರಿದಂತೆ ಇನ್ನೊಂದು ಬಿರುಕು, ಮತ್ತೊಂದು. ಕಡೆಗೆ ಎಳೆಗಳು ಒಂದೊಂದಾಗಿ ತುಂಡಾಗಿ, ಕೂತ ಜಾಗದಿಂದ ಉಜ್ಜಿಕೊಂಡು ಹೊರಬರುತ್ತವೆ. ಆ ಉಜ್ಜಾಟದಲ್ಲಿ ಮುರಿಯುವ ಶಕ್ತಿಯ ದೊಡ್ಡ ಪಾಲು ಕರಗುತ್ತದೆ. ಮುರಿದ ತುಂಡನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಎಳೆಗಳ ತುದಿಗಳು ಹೊರಚಾಚಿ ನಿಂತಿರಬೇಕು. ನುಣುಪಾಗಿ ಮುರಿದಿದ್ದರೆ ಅಂಟು ಅತಿಯಾಗಿದೆ ಎಂದೇ ಅರ್ಥ.

ಬಳಕೆಯಲ್ಲೂ ಈ ವಸ್ತು ಕೆಡುವುದು ಹೆಚ್ಚಾಗಿ ಅದೇ ದಾರಿಯಲ್ಲಿ. ಬಿರುಕಿನೊಳಗೆ ಆಮ್ಲಜನಕ, ನೀರಾವಿ ನುಗ್ಗಿದರೆ ಲೇಪ ಉತ್ಕರ್ಷಣಗೊಂಡು ಗಾಜಾಗಿ ಎಳೆಯನ್ನು ಸುತ್ತಲಿನ ಸೆರಾಮಿಕ್‌ಗೆ ಬೆಸೆದುಬಿಡುತ್ತದೆ. ಆಮೇಲೆ ಬರುವ ಬಿರುಕು ಎಳೆಗಳನ್ನೂ ಸೀಳಿಕೊಂಡೇ ಹೋಗುತ್ತದೆ. ಈ ಕಾಟ ಪರಮಾವಧಿ ಬಿಸಿಗಿಂತ 700–900 ಡಿಗ್ರಿಯ ನಡುವಣ ಬಿಸಿಯಲ್ಲೇ ಜಾಸ್ತಿ. ಇನ್ನೂ ಮೇಲಿನ ಬಿಸಿಯಲ್ಲಿ ಸಿಲಿಕಾ ಬೇಗ ಬೆಳೆದು ಬಿರುಕಿನ ಬಾಯಿ ಮುಚ್ಚುತ್ತದೆ.

ಹಾಗಾಗಿ ತುಂಡು ಪೂರ್ತಿ ಮುರಿಯುವ ಹೊರೆಗಿಂತ ಮೊದಲ ಬಿರುಕು ಹುಟ್ಟುವ ಹೊರೆಯೇ ಎಂಜಿನಿಯರರಿಗೆ ಮುಖ್ಯ. ಪ್ರಯೋಗಾಲಯದಲ್ಲಿ ತುಂಡನ್ನು ಎಳೆಯುವಾಗ ಸಂವೇದಕ ಅಂಟಿಸಿ, ಬಿರಿಯುವ ಸದ್ದುಗಳನ್ನು ದಾಖಲಿಸುತ್ತಾರೆ. ಆ ಸದ್ದು ಶುರುವಾಗುವ ಹೊರೆಗಿಂತ ಕೆಳಗೇ ಎಂಜಿನ್ನಿನ ಭಾಗವನ್ನು ದುಡಿಸುವಂತೆ ವಿನ್ಯಾಸ ಮಾಡುತ್ತಾರೆ.