ಹುಬ್ಬಳ್ಳಿಗೆ ಎಷ್ಟು ಹೊತ್ತು?

ಬೆಂಗಳೂರಿನಲ್ಲಿ ವ್ಯಾಸಂಗಮಾಡುತ್ತಿರುವ ಒಬ್ಬ ವಿದ್ಯಾರ್ಥಿಯನ್ನು ಊಹಿಸಿಕೊಳ್ಳೋಣ. ಹುಬ್ಬಳ್ಳಿಯಲ್ಲಿ ಅವನ ತಂದೆಗೆ ಶಸ್ತ್ರಚಿಕಿತ್ಸೆ. ಸಂಜೆ ಐದು ಗಂಟೆಗೆ ಅವನು ಆಸ್ಪತ್ರೆಯಲ್ಲಿರಬೇಕು. ವಿಮಾನದಲ್ಲಿ ಹೋಗುವುದಾದರೆ ಎಷ್ಟು ಹೊತ್ತಿಗೆ ಹೊರಡಬೇಕು? ದೂರವನ್ನು ವೇಗದಿಂದ ಭಾಗಿಸಿದರೆ ಸಾಕೆಂದು ನಮಗೆ ತೋರುವುದು ಸಹಜ. ಆ ಲೆಕ್ಕವನ್ನು ನಂಬಿದರೆ ಅವನು ತಡವಾಗಿ ತಲುಪುವನು. ಏಕೆಂಬುದನ್ನು ಪರಿಶೀಲಿಸೋಣ.

ಮೊದಲು ದೂರ. ದೇವನಹಳ್ಳಿಯ ಬಳಿ ಇರುವ ಬೆಂಗಳೂರು ವಿಮಾನನಿಲ್ದಾಣದ ಅಕ್ಷಾಂಶ 13 ಡಿಗ್ರಿ 12 ಮಿನಿಟು ಉತ್ತರ, ರೇಖಾಂಶ 77 ಡಿಗ್ರಿ 42 ಮಿನಿಟು ಪೂರ್ವ. ಹುಬ್ಬಳ್ಳಿಯ ನಿಲ್ದಾಣದ್ದು ಕ್ರಮವಾಗಿ 15 ಡಿಗ್ರಿ 22 ಮಿನಿಟು, 75 ಡಿಗ್ರಿ 5 ಮಿನಿಟು. ಅಕ್ಷಾಂಶಗಳ ವ್ಯತ್ಯಾಸ 130 ಮಿನಿಟು, ರೇಖಾಂಶಗಳದು 157. ಅಕ್ಷಾಂಶದ ಒಂದು ಮಿನಿಟು ನೆಲದ ಮೇಲೆ ಸುಮಾರು ಒಂದು ನಾಟಿಕಲ್ ಮೈಲಿಗೆ, ಅಂದರೆ 1.852 ಕಿಲೋಮೀಟರಿಗೆ ಸಮ. ವೈಮಾನಿಕರು ಇಂದಿಗೂ ಈ ಮೈಲಿಯನ್ನೇ ಬಳಸುತ್ತಾರೆ. ರೇಖಾಂಶಗಳಾದರೋ ಧ್ರುವಗಳ ಕಡೆಗೆ ಸಾಗಿದಂತೆ ಒಂದನ್ನೊಂದು ಸಮೀಪಿಸುತ್ತವೆ. ಆದುದರಿಂದ 157ನ್ನು ಸರಾಸರಿ ಅಕ್ಷಾಂಶದ ಕೊಸೈನಾದ 0.969ರಿಂದ ಗುಣಿಸಬೇಕು, 152 ಮೈಲಿ ಬರುತ್ತದೆ. ಇನ್ನು ಪೈಥಾಗೊರಸನ ಪ್ರಮೇಯ: 130 ಮತ್ತು 152 ಮೈಲಿ ಬಾಹುಗಳುಳ್ಳ ಲಂಬಕೋನ ತ್ರಿಭುಜದ ಕರ್ಣ 200 ಮೈಲಿ, ಎಂದರೆ 370 ಕಿಲೋಮೀಟರು. ಇಷ್ಟು ಅಲ್ಪ ದೂರದಲ್ಲಿ ಭೂಮಿಯ ಗೋಲಾಕಾರವು ನಮ್ಮ ಲೆಕ್ಕವನ್ನು ಹೆಚ್ಚು ಕೆಡಿಸುವುದಿಲ್ಲ.

ಇನ್ನು ಕಾಲ. ಇಂತಹ ಮಾರ್ಗಗಳಲ್ಲಿ ಹಾರುವ ಎಟಿಆರ್-72 ವಿಮಾನದ ವೇಗ ಗಂಟೆಗೆ ಸುಮಾರು 500 ಕಿಲೋಮೀಟರು. ಹೀಗಿರಲು 44 ನಿಮಿಷ ಸಾಕು. ಆದರೆ ವೇಳಾಪಟ್ಟಿಯಲ್ಲಿ ಒಂದು ಗಂಟೆ ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು ಇರುತ್ತದೆ. ವಿಮಾನವು ನಿಂತ ಸ್ಥಳವನ್ನು ಬಿಟ್ಟ ಕ್ಷಣದಿಂದ ಮತ್ತೆ ನಿಲ್ಲುವವರೆಗಿನ ಕಾಲವೆಲ್ಲ ಅಲ್ಲಿ ಸೇರಿದೆ. ರನ್‌ವೇಯವರೆಗೆ ನೆಲದ ಮೇಲೆ ಸಾಗಬೇಕು, ಸರದಿಗಾಗಿ ಕಾಯಬೇಕು, ಏರುವಾಗಲೂ ಇಳಿಯುವಾಗಲೂ ವೇಗ ಕಡಿಮೆ. ರೆಕ್ಕೆಗಳಿಗೆ ಬೇಕಾದ ಗಾಳಿಯ ವೇಗವು ಬೇಗನೆ ದೊರೆಯಲೆಂದು ವಿಮಾನವು ಸಾಮಾನ್ಯವಾಗಿ ಇದಿರುಗಾಳಿಗೆ ಮುಖಮಾಡಿ ಏರುತ್ತದೆ. ಬೆಂಗಳೂರಿನ ರನ್‌ವೇಗಳು ಪೂರ್ವಪಶ್ಚಿಮವಾಗಿವೆ. ಹುಬ್ಬಳ್ಳಿ ಇರುವುದು ವಾಯವ್ಯದಲ್ಲಿ. ಮೂಡಣ ಗಾಳಿ ಬೀಸುವ ದಿನ ವಿಮಾನವು ಗುರಿಗೆ ಬೆನ್ನುಮಾಡಿ ಏರಿ, ಅನಂತರ ತಿರುಗಬೇಕು!

ಮೇಲೆಯೂ ಗಾಳಿಯ ಪ್ರಭಾವವುಂಟು. ಗಂಟೆಗೆ 100 ಕಿಲೋಮೀಟರಿನ ಗಾಳಿ ಹೋಗುವಾಗ ಹಿಂದಿನಿಂದಲೂ ಬರುವಾಗ ಇದಿರಿನಿಂದಲೂ ಬೀಸಲಿ. ಹೋಗಲು 37 ನಿಮಿಷ, ಬರಲು 55½, ಒಟ್ಟು 92½. ಗಾಳಿಯಿಲ್ಲದಿದ್ದರೆ 89 ಸಾಕಿತ್ತು. ಲಾಭನಷ್ಟಗಳು ಸರಿಹೋಗಲಿಲ್ಲ, ಇದಿರುಗಾಳಿಯಲ್ಲಿ ವಿಮಾನವು ಹೆಚ್ಚು ಹೊತ್ತು ಕಳೆಯುವುದೇ ಇದಕ್ಕೆ ಕಾರಣ.

ಈಗ ನಮ್ಮ ವಿದ್ಯಾರ್ಥಿಯ ಬಳಿಗೆ ಮರಳೋಣ. 2008ರಲ್ಲಿ ಆರಂಭವಾದ ದೇವನಹಳ್ಳಿಯ ನಿಲ್ದಾಣವು ನಗರದ ನಡುವಿನಿಂದ ಸುಮಾರು 35 ಕಿಲೋಮೀಟರು ದೂರದಲ್ಲಿದೆ. ಅಲ್ಲಿಗೆ ಹೋಗಲು ಒಂದೂವರೆ ಗಂಟೆ, ತಪಾಸಣೆ ಮುಂತಾದುವಕ್ಕೆ ಎರಡು ಗಂಟೆ, ಪ್ರಯಾಣಕ್ಕೆ ಒಂದು ಗಂಟೆ, ಹುಬ್ಬಳ್ಳಿಯಲ್ಲಿಳಿದು ಆಸ್ಪತ್ರೆ ಸೇರಲು ಅರ್ಧ ಗಂಟೆ ಎಂದಿಟ್ಟುಕೊಂಡರೆ ಒಟ್ಟು ಐದು ಗಂಟೆಯಾಯಿತು. 370ನ್ನು ಐದರಿಂದ ಭಾಗಿಸಿದರೆ ಗಂಟೆಗೆ 74 ಕಿಲೋಮೀಟರು! ಆಗಸದಲ್ಲಿ 500 ಇದ್ದ ವೇಗ ನೆಲದ ಲೆಕ್ಕದಲ್ಲಿ ಇಷ್ಟಕ್ಕೆ ಇಳಿಯಿತು. ಕೆಲವು ನೂರು ಕಿಲೋಮೀಟರಿನ ದೂರಗಳಲ್ಲಿ ವೇಗದ ರೈಲುಗಳು ವಿಮಾನಕ್ಕೆ ಸರಿಸಾಟಿಯಾಗಿ ನಿಲ್ಲುವುದು ಇದರಿಂದಲೇ.

ವಿಮಾನದ ಹೊತ್ತು ಹೊಂದಿಕೆಯಾದರೂ, ಐದು ಗಂಟೆಗೆ ತಂದೆಯ ಬಳಿಯಿರಬೇಕಾದ ನಮ್ಮ ವಿದ್ಯಾರ್ಥಿ ನಾಲ್ಕೂ ಕಾಲಿಗೆ ಹೊರಡುವಂತಿಲ್ಲ. ಹನ್ನೆರಡಕ್ಕೇ ಕೋಣೆಗೆ ಬೀಗಹಾಕಬೇಕು.